ಆರ್‌ಸಿಲಿ 25000 ಐತಿ, ಓನರ್ 22 ಟನ್ ಹಾಕ್ಕೊಂಡ್ ಹೋಗು ಅಂತಾರ, ಹತ್ತು ಚಕ್ರದ ಗಾಡಿಗೆ ಖರೇನ ಎಷ್ಟು ಪಾಸಿಂಗ್?

ಗಂಗಾವತಿ_ಹುಡುಗ

ಎಲ್ಲಾ ಅಣ್ಣಾರಿಗೂ ನಮಸ್ಕಾರ ರೀ. ಹೆವಿ ಲೈಸೆನ್ಸ್ ಆಗಿ ಬಾಳ ದಿನ ಆಗಿಲ್ಲ, ಇಷ್ಟ್ ದಿನ ನಮ್ಮ ಮಾವನ ಗಾಡ್ಯಾಗ ಕ್ಲೀನರ್ ಇದ್ದೆ, ಈಗ ಇಲ್ಲೇ ಗಂಗಾವತ್ಯಾಗ ಒಬ್ಬರ ಹತ್ರ ಹತ್ತು ಚಕ್ರದ ಗಾಡಿ ಹಿಡ್ದೀನಿ. 2016 ಮಾಡೆಲ್. ಲೋಡು ಅಕ್ಕಿ, ಮಿಲ್ಲಿಂದ ಕೇರಳಕ್ಕ, ಜಾಸ್ತಿ ಕೋಳಿಕೋಡ್ ಸೈಡು, ಒಮ್ಮೊಮ್ಮೆ ಮಂಗ್ಳೂರು.

ನನ್ನ ಡೌಟ್ ಏನಪ್ಪಾ ಅಂದ್ರ ಆರ್‌ಸಿ ಕಾರ್ಡ್‌ನ್ಯಾಗ ಜಿವಿಡಬ್ಲ್ಯೂ 25000 ಅಂತ ಐತಿ. ನಮ್ಮ ಓನರು 'ನೋಡು 25 ಟನ್ ಪಾಸಿಂಗ್ ಐತಿ, ನಾವು ಹಾಕೋದು 22, ಮೂರು ಟನ್ ಕಮ್ಮೀನ ಹಾಕ್ತೀವಿ, ಯಾಕ್ ಹೆದರ್ತಿ' ಅಂತಾರ. ಆದ್ರ ಕಾಟಾ ಮಾಡಿಸ್ದಾಗ ಚೀಟ್ಯಾಗ 31400 ಬಂತು. ಖಾಲಿ ಇದ್ದಾಗ 9400 ಇತ್ತು. ಇದು ಓವರ್‌ಲೋಡ್ ಆತೋ ಇಲ್ಲೋ? ಹಿಡದ್ರ ಫೈನ್ ಯಾರು ಕಟ್ಟಬೇಕು, ನಾನೋ ಓನರೋ? ಇನ್ನೊಂದು, ಬಂಡೀಪುರ ರಾತ್ರಿ ಬಂದ್ ಅಂತಾರ, ಶಿರಾಡಿ ಮಳಿಗಾಲದಾಗ ಬಿಡಂಗಿಲ್ಲ ಅಂತಾರ, ಯಾವ ರೋಡಿಗೆ ಏನ್ ರೂಲ್ಸು ಅಂತ ಒಂದ್ ಕಡೆ ಸಿಗವಲ್ದು. ಮ್ಯಾಪ್‌ನ್ಯಾಗ ಕಾರ್ ಹೋಗೋ ರೋಡೆಲ್ಲಾ ತೋರಸ್ತೈತಿ, ಲಾರಿ ಹೋಗ್ತೈತೋ ಇಲ್ಲೋ ಹೇಳೂದಿಲ್ಲ. ಗೊತ್ತಿದ್ದೋರು ಸ್ವಲ್ಪ ಬಿಡಿಸಿ ಹೇಳ್ರಿ.

ಹಾಸನ_ಲೈನ್

ತಮ್ಮಾ, ಜಿವಿಡಬ್ಲ್ಯೂ 25000 ಅನ್ನೋದು ಲೋಡಲ್ಲ ಕಣಪ್ಪ. ಗಾಡಿ, ಬಾಡಿ, ಡೀಸೆಲ್, ನೀನು, ನಿನ್ನ ಕ್ಲೀನರ್, ಸ್ಟವ್ವು, ಹಗ್ಗ, ಟಾರ್ಪಾಲು, ಸ್ಟೆಪ್ನಿ, ಆಮೇಲೆ ಅಕ್ಕಿ, ಎಲ್ಲಾ ಸೇರಿ ರೋಡ್ ಮೇಲೆ ಬೀಳೋ ಒಟ್ಟು ತೂಕ ಅದು. ಅದರಲ್ಲಿ ನಿನ್ನ ಖಾಲಿ ಗಾಡಿ 9400 ಕಳೆದ್ರೆ ಉಳಿಯೋದು 15600. ಅಷ್ಟೇ ನಿನ್ನ ಪಾಸಿಂಗ್. 22 ಟನ್ ಹಾಕಿದ್ರೆ 6 ಟನ್ 400 ಕೆಜಿ ಓವರ್‌ಲೋಡು, ಇದರಲ್ಲಿ ಡೌಟೇ ಇಲ್ಲ. ನಿಮ್ಮ ಓನರ್‌ಗೆ ಇದು ಗೊತ್ತಿಲ್ಲ ಅಂತ ನಾನಂತೂ ನಂಬಲ್ಲ.

ಆರ್‌ಸಿಲಿ ಯುಎಲ್‌ಡಬ್ಲ್ಯೂ ಅಂತ ಇನ್ನೊಂದು ನಂಬರ್ ಇರುತ್ತೆ ನೋಡು, ಅದು ರಿಜಿಸ್ಟ್ರೇಷನ್ ಮಾಡಿಸಿದಾಗಿನ ಖಾಲಿ ತೂಕ. ಅದನ್ನ ನಂಬ್ಕೊಂಡು ಲೆಕ್ಕ ಹಾಕ್ಬೇಡ. ಆಮೇಲೆ ಗಾಡಿ ಬಾಡಿ ಮೇಲೆ ಹಲಗೆ ಜಾಸ್ತಿ ಹೊಡೆಸಿರ್ತಾರೆ, ಬಂಪರ್‌ಗೆ ಕಬ್ಬಿಣ ಹಾಕ್ಸಿರ್ತಾರೆ, 300 ಲೀಟರ್ ಟ್ಯಾಂಕ್ ಫುಲ್ ಇದ್ರೆ ಡೀಸೆಲ್ಲೇ 250 ಕೆಜಿ ಆಗುತ್ತೆ. ನೀನು ಖಾಲಿ ಗಾಡಿ ಕಾಟಾ ಮಾಡಿಸಿರೋದು ಒಳ್ಳೇದಾಯ್ತು, ಆ ಚೀಟಿ ಇಟ್ಕೊ, ಟ್ಯಾಂಕ್ ಫುಲ್ ಇದ್ದಾಗ ಇನ್ನೊಂದ್ಸಲ ಮಾಡಿಸು.

ಅಕ್ಕಿ ಆದ್ರೆ ಚೀಲದ ಲೆಕ್ಕ ಹಿಡ್ಕೊ, ಸುಲಭ. 2022ರಲ್ಲಿ 25 ಕೆಜಿ ತನಕದ ಪ್ಯಾಕೆಟ್‌ಗೆ ಜಿಎಸ್‌ಟಿ ಹಾಕಿದ್ಮೇಲೆ ಮಿಲ್‌ನವರು 26 ಕೆಜಿ ಚೀಲ ಶುರು ಮಾಡಿದ್ರಲ್ಲ, 26 ಇಂಟು 600 ಅಂದ್ರೆ ಸರಿಯಾಗಿ 15600. ಹಮಾಲರು 25ರ ಲೆಕ್ಕದಲ್ಲೇ 'ಹದಿನೈದು ಟನ್ ಅಣ್ಣ' ಅಂತ ಹೇಳಿ ಕೈ ತೊಳ್ಕೋತಾರೆ, ಅಲ್ಲೇ 600 ಕೆಜಿ ಜಾಸ್ತಿ ಹತ್ತಿರುತ್ತೆ. ಎಣಿಸ್ಕೊ.

ಫೈನ್ ವಿಷ್ಯ. 2019ರ ಸೆಪ್ಟೆಂಬರ್ 1ರಿಂದ ಮೋಟಾರು ವಾಹನ ಕಾಯ್ದೆ ಸೆಕ್ಷನ್ 194 ಬದಲಾಗಿದೆ, ಓವರ್‌ಲೋಡ್‌ಗೆ 20 ಸಾವಿರ, ಅದರ ಮೇಲೆ ಜಾಸ್ತಿ ಇರೋ ಒಂದೊಂದು ಟನ್‌ಗೂ 2 ಸಾವಿರ. ನಿನ್ನ ಲೋಡ್‌ಗೆ 32 ಸಾವಿರಕ್ಕೆ ಕಮ್ಮಿ ಇಲ್ಲ. ಮುಂಚೆ ಇದು 2 ಸಾವಿರ ಪ್ಲಸ್ ಟನ್‌ಗೆ ಸಾವಿರ ಇತ್ತು, ಆ ಕಾಲದ ಧೈರ್ಯದಲ್ಲೇ ಇನ್ನೂ ಮಾತಾಡೋ ಓನರ್‌ಗಳಿದ್ದಾರೆ. ಫೈನ್ ಕಟ್ಟಿದ್ರೆ ಬಿಟ್ಟು ಕಳಿಸ್ತಾರೆ ಅಂತಾನೂ ಅಲ್ಲ, ಜಾಸ್ತಿ ಇರೋ ಮಾಲು ಇಳಿಸೋ ತನಕ ಗಾಡಿ ಮುಂದಕ್ಕೆ ಬಿಡಬಾರದು ಅಂತಾನೇ ಕಾಯ್ದೇಲಿದೆ, ಇಳಿಸೋ ಖರ್ಚೂ ನಿಮ್ದೇ. ಮಧ್ಯರಾತ್ರಿ ಹೈವೇ ಪಕ್ಕ 250 ಚೀಲ ಇಳಿಸಿ, ಇನ್ನೊಂದು ಗಾಡಿ ಬರೋ ತನಕ ಅದನ್ನ ಕಾಯೋದು ಯಾರು? ಓನರ್ ಬರಲ್ಲ.

ತೂಕಕ್ಕೆ ಬಾ ಅಂದಾಗ ನಿಲ್ಲಿಸ್ದೆ ಹೋದ್ರೆ ಅದಕ್ಕೇ ಬೇರೆ 40 ಸಾವಿರ. ಹೋಗ್ಲಿ ಬಿಡು ಅಂತ ಓಡಿಸ್ಕೊಂಡು ಹೋಗೋ ಹಳೇ ಆಟ ಆಡ್ಬೇಡ.

ಎರಡು_ಗಾಡಿ_ಓನರ್

ದಾವಣಗೆರೆ ಕಡೆಯವನು. ಹಾಸನದ ಅಣ್ಣ ಹೇಳಿದ್ದು ಕಾನೂನು ಪ್ರಕಾರ ಸರಿ, ಆದ್ರೆ ಓನರ್‌ಗಳೆಲ್ಲ ಕಳ್ಳರು ಅನ್ನೋ ತರ ಬರೀಬೇಡಿ. ಬಾಡಿಗೆ ಟನ್ ಲೆಕ್ಕದಲ್ಲಿ ಕೊಡ್ತಾರೆ. ಪಾರ್ಟಿ ಹತ್ರ 15 ಟನ್ ಅಷ್ಟೇ ಹಾಕ್ತೀನಿ ಅಂದ್ರೆ ಪಕ್ಕದಲ್ಲಿ ಇನ್ನೊಬ್ಬ 22 ಹಾಕೋಕೆ ರೆಡಿ ನಿಂತಿರ್ತಾನೆ, ಅವನಿಗೇ ಲೋಡ್ ಹೋಗುತ್ತೆ. ಡೀಸೆಲ್, ಟೋಲ್, ಟೈರ್, ಇಎಂಐ, ಇನ್ಶೂರೆನ್ಸ್, ಎಫ್‌ಸಿ ಎಲ್ಲಾ ಕಳೆದು 15 ಟನ್‌ಲ್ಲಿ ಏನು ಉಳಿಯುತ್ತೆ ಅಂತ ಒಮ್ಮೆ ಕೂತು ಲೆಕ್ಕ ಹಾಕಿ ನೋಡಿ.

ಮತ್ತೆ 2018ರಲ್ಲಿ ಗೌರ್ಮೆಂಟೇ ಲಿಮಿಟ್ ಜಾಸ್ತಿ ಮಾಡಿದ್ಯಲ್ಲ, ಈಗ ಬರೋ ಹತ್ತು ಚಕ್ರ ಎಲ್ಲಾ 28 ಟನ್ನು. ಅದೇ ಆಕ್ಸಲ್, ಅದೇ ಟೈರು. ಈ ತಮ್ಮನ ಗಾಡಿಗೆ ಮಾತ್ರ 25 ಯಾಕೆ?

ಹಾಸನ_ಲೈನ್

@ಎರಡು_ಗಾಡಿ_ಓನರ್ ಕಳ್ಳರು ಅಂತ ನಾನು ಅಂದಿಲ್ಲ ಅಣ್ಣ. ಬಾಡಿಗೆ ಕಷ್ಟ ನಂಗೂ ಗೊತ್ತು. ಆದ್ರೆ ಆ ಹುಡುಗ ಕೇಳಿರೋದು ಅವನ ಬಗ್ಗೆ.

2018 ಜುಲೈ 16ರ ಆರ್ಡರ್ ನಿಜ. ಆರು ಚಕ್ರ 16.2 ಇದ್ದಿದ್ದು 18.5 ಆಯ್ತು, ಹತ್ತು ಚಕ್ರ 25 ಇದ್ದಿದ್ದು ಈಗ ಶೋರೂಮಿಂದ 28 ಅಂತ ಬರುತ್ತೆ, ಹನ್ನೆರಡು ಚಕ್ರ 31 ಇದ್ದಿದ್ದು 35, ಟ್ರೈಲರ್‌ಗೆ ಮ್ಯಾಕ್ಸಿಮಮ್ 49 ಇದ್ದಿದ್ದು 55. ಆದ್ರೆ ಚೆಕ್‌ಪೋಸ್ಟಲ್ಲಿ ಬ್ರೇಕ್ ಇನ್ಸ್‌ಪೆಕ್ಟ್ರು ಶೋರೂಮ್ ಕೇಳಲ್ಲ, ನಿನ್ನ ಆರ್‌ಸಿ ಕೇಳ್ತಾರೆ. ಆರ್‌ಸಿಲಿ 25000 ಅಂತ ಇದ್ರೆ 25000, ಮುಗೀತು. ಎಂಪರಿವಾಹನ್ ಆ್ಯಪಲ್ಲಿ ಗಾಡಿ ನಂಬರ್ ಹಾಕಿ ನೋಡು, ಅವರ ಮೊಬೈಲಲ್ಲೂ ಅದೇ ಕಾಣೋದು. ಇನ್ನು 28 ಅಂತಾನೇ ಇಟ್ಕೊಂಡ್ರೂ 31400 ಅದನ್ನೂ ದಾಟಿದೆ ಅಲ್ವಾ.

ಈಗ ತಮ್ಮಾ, ಫೈನ್ ಯಾರು ಕಟ್ಟಬೇಕು ಅಂತ ಕೇಳಿದ್ಯಲ್ಲ. ಓಡಿಸೋನೂ ಸಿಗ್ತಾನೆ, ಓಡಿಸೋಕೆ ಬಿಟ್ಟವನೂ ಸಿಗ್ತಾನೆ, ಆ ಸೆಕ್ಷನ್‌ಲ್ಲಿ ಇಬ್ಬರ ಮೇಲೂ ಬರುತ್ತೆ. ಡ್ರೈವರ್ ಓವರ್‌ಲೋಡ್ ಓಡಿಸಿದ್ರೆ ಓನರ್‌ಗೆ ಗೊತ್ತಿದ್ದೇ ನಡೆದಿದೆ ಅಂತ ಕೋರ್ಟು ತಿಳ್ಕೊಬಹುದು ಅಂತ ಸೆಕ್ಷನ್ 113ರಲ್ಲೂ ಇದೆ. ದುಡ್ಡು ಸಾಮಾನ್ಯವಾಗಿ ಓನರೇ ಕಟ್ತಾರೆ, ಕಟ್ಟದೇ ಇರೋರು ನಿನ್ನ ಸಂಬಳದಲ್ಲಿ ಹಿಡೀತಾರೆ. ಆದ್ರೆ ದುಡ್ಡಿಗಿಂತ ದೊಡ್ಡದು ಲೈಸೆನ್ಸು. ಸುಪ್ರೀಂ ಕೋರ್ಟ್‌ನ ರೋಡ್ ಸೇಫ್ಟಿ ಕಮಿಟಿ 2015ರಲ್ಲೇ ಎಲ್ಲಾ ರಾಜ್ಯಕ್ಕೂ ಹೇಳಿದೆ, ಗೂಡ್ಸ್ ಗಾಡೀಲಿ ಓವರ್‌ಲೋಡ್ ಸಿಕ್ಕಿದ್ರೆ ಡ್ರೈವರ್ ಲೈಸೆನ್ಸ್ ಕಮ್ಮಿ ಅಂದ್ರೆ ಮೂರು ತಿಂಗಳು ಸಸ್ಪೆಂಡ್ ಮಾಡಿ ಅಂತ. ಕುಡಿದು ಓಡಿಸೋದು, ರೆಡ್ ಸಿಗ್ನಲ್ ಹಾರಿಸೋದು ಎಲ್ಲಾ ಇರೋ ಅದೇ ಲಿಸ್ಟಲ್ಲಿ ಇದೂ ಇದೆ. ಮೂರು ತಿಂಗಳು ನಿನ್ನ ಲೈಸೆನ್ಸ್ ಹೋದ್ರೆ ಓನರ್ ಗಾಡಿಗೆ ಇನ್ನೊಬ್ಬ ಡ್ರೈವರ್ ಮಾರನೇ ದಿನ ಸಿಕ್ತಾನೆ. ನೀನು ಮನೇಲಿ ಕೂರ್ತೀಯ. ಹೊಸಬರಿಗೆ ಇದನ್ನ ಯಾರೂ ಹೇಳಲ್ಲ ಅದಕ್ಕೇ ಇಷ್ಟುದ್ದ ಬರೀತಿದೀನಿ.

ರಸ್ತೆ_ಕಾಮಗಾರಿ

ನಾನು ಡ್ರೈವರ್ ಅಲ್ಲ, ಹೈವೇ ಕೆಲಸದಲ್ಲಿರೋ ಸಿವಿಲ್ ಇಂಜಿನಿಯರ್. ಓನರ್ ಸರ್ ಅದೇ ಆಕ್ಸಲ್ ಅದೇ ಟೈರ್ ಅಂದ್ರಲ್ಲ, ಅದಕ್ಕೇ ಆಕ್ಸಲ್, ಅಂದ್ರೆ ಚಕ್ರದ ಅಚ್ಚಿನ ವಿಷಯ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಒಟ್ಟು ತೂಕ ಸರಿಯಿದ್ದೂ ಸಿಕ್ಕಿಹಾಕಿಕೊಳ್ಳೋರು ಇದ್ದಾರೆ.

ಕಾನೂನಲ್ಲಿ ಎರಡು ಲಿಮಿಟ್. ಒಂದು ಒಟ್ಟು ತೂಕ, ಇನ್ನೊಂದು ಒಂದೊಂದು ಆಕ್ಸಲ್ ಮೇಲೆ ಎಷ್ಟು ಬೀಳಬಹುದು ಅನ್ನೋದು. ನಿಮ್ಮ 25 ಟನ್ ಬಂದಿರೋದೇ ಹೀಗೆ: ಮುಂದಿನ ಆಕ್ಸಲ್‌ಗೆ 6, ಹಿಂದಿನ ಜೋಡಿ ಆಕ್ಸಲ್‌ಗೆ 19. ಈ 19 ಅನ್ನೋದನ್ನ 2018ರಲ್ಲಿ 21 ಮಾಡಿದ್ರು, ನಾಲ್ಕು ಟೈರಿನ ಒಂಟಿ ಆಕ್ಸಲ್ 10.2 ಇದ್ದಿದ್ದು 11.5 ಆಯ್ತು. 600 ಚೀಲವೇ ಹಾಕಿದ್ರೂ ಹಮಾಲರು ಇಳಿಸೋಕೆ ಸುಲಭ ಅಂತ ಎಲ್ಲಾ ಹಿಂದಿನ ಡೋರ್ ಹತ್ರ ಪೇರಿಸಿದ್ರೆ ಹಿಂದಿನ ಆಕ್ಸಲ್ 19 ದಾಟುತ್ತೆ, ಮುಂದಿನದು ಹಗುರ ಆಗುತ್ತೆ, ಘಾಟಿ ಹತ್ತುವಾಗ ಸ್ಟೇರಿಂಗ್ ತಿರುಗಿಸಿದಷ್ಟು ಗಾಡಿ ತಿರುಗಲ್ಲ. ಟೋಲ್ ಲೇನ್‌ಗಳಲ್ಲಿ ನೆಲದಲ್ಲೇ ತೂಕದ ಪ್ಲೇಟ್ ಹಾಕಿರ್ತಾರೆ, ಚಕ್ರ ಮೇಲೆ ಹೋದಂಗೆ ಒಂದೊಂದೇ ಆಕ್ಸಲ್ ತೂಗುತ್ತೆ, ಅಲ್ಲಿ ಗೊತ್ತಾಗಿಬಿಡುತ್ತೆ. ಹಾಗಾಗಿ ಕ್ಯಾಬಿನ್ ಗೋಡೆಯಿಂದ ಶುರು ಮಾಡಿ ಸಮವಾಗಿ ಹಾಕಿಸಿ.

ಇನ್ನು ರಸ್ತೆ. 1958ರಿಂದ 60ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ರಸ್ತೆ ಕಟ್ಟಿ, ಅದರ ಮೇಲೆ ಬೇರೆ ಬೇರೆ ತೂಕದ ಲಾರಿಗಳನ್ನ ಓಡಿಸಿ ಓಡಿಸಿ ನೋಡಿದ್ರು. ಅದರಿಂದ ಗೊತ್ತಾಗಿದ್ದು, ಆಕ್ಸಲ್ ತೂಕ ಹೆಚ್ಚಿದ ಹಾಗೆ ರಸ್ತೆ ಹಾಳಾಗೋದು ಸುಮಾರು ನಾಲ್ಕನೇ ಘಾತದಲ್ಲಿ ಹೆಚ್ಚುತ್ತೆ. ಅಂದ್ರೆ ತೂಕ ಎರಡರಷ್ಟಾದ್ರೆ ಹಾನಿ ಎರಡರಷ್ಟಲ್ಲ, ಹದಿನಾರರಷ್ಟು. 25ರ ಗಾಡಿ 31.4 ತಗೊಂಡು ಹೋದ್ರೆ ತೂಕ ಕಾಲು ಭಾಗ ಜಾಸ್ತಿ ಅನ್ಸುತ್ತೆ, ರಸ್ತೆಗೆ ಆಗೋ ಏಟು ಎರಡೂವರೆ ಪಟ್ಟು. ನಮ್ಮಲ್ಲೂ ರಸ್ತೆ ಡಿಸೈನ್ ಮಾಡೋವಾಗ 8.16 ಟನ್ ಆಕ್ಸಲ್ ಒಂದು ಎಷ್ಟು ಸಲ ಹಾದುಹೋಗುತ್ತೆ ಅಂತಾನೇ ಲೆಕ್ಕ ಹಿಡಿಯೋದು, ಹದಿನೈದು ವರ್ಷಕ್ಕೆ ಅಂತ ಹಾಕಿದ ಲೆಕ್ಕ ಹೀಗೆ ಓಡಿಸಿದ್ರೆ ಅರ್ಧಕ್ಕೇ ಮುಗಿಯುತ್ತೆ. ಸಂಡೂರು ಹೊಸಪೇಟೆ ಕಡೆ ಅದಿರು ಲಾರಿಗಳ ಕಾಲದಲ್ಲಿ ರಸ್ತೆ ಹೇಗಿತ್ತು ಅಂತ ಗಂಗಾವತಿಯವರಿಗೆ ನಾನು ಹೇಳಬೇಕಾಗಿಲ್ಲ, ಲೋಕಾಯುಕ್ತ ವರದಿಯಲ್ಲೂ ಓವರ್‌ಲೋಡ್ ವಿಷಯ ಬಂದಿತ್ತು. ಬೈಯೋದು ಮಾತ್ರ ಕಂಟ್ರಾಕ್ಟರ್‌ನ. (ಅವರೂ ಕಮ್ಮಿ ಏನಲ್ಲ ಬಿಡಿ.)

ಸೇತುವೆ ಹತ್ರ ಕೆಂಪು ರಿಂಗ್ ಒಳಗೆ ಟನ್ ಬರೆದಿರೋ ಬೋರ್ಡ್ ಇದ್ರೆ ಅದು ಗಾಡಿಯ ಒಟ್ಟು ತೂಕ, ಲೋಡ್ ಅಲ್ಲ. ಚಕ್ರ ಆಕ್ಸಲ್ ಚಿತ್ರ ಇದ್ದು ನಂಬರ್ ಇದ್ರೆ ಒಂದು ಆಕ್ಸಲ್ ತೂಕ. ಮೇಲೆ ಕೆಳಗೆ ಬಾಣ ಇದ್ರೆ ಎತ್ತರ, ಎರಡು ಪಕ್ಕದಲ್ಲಿ ಬಾಣ ಇದ್ರೆ ಅಗಲ. ಈ ಬೋರ್ಡ್‌ಗಳನ್ನ ಹಗುರವಾಗಿ ತಗೋಬೇಡಿ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿ ಹಳೇ ಸೇತುವೆ ಕುಸಿದಾಗ ಮೇಲಿದ್ದ ಲಾರಿ ನದಿಗೇ ಬಿತ್ತು, ಡ್ರೈವರ್ ಬದುಕಿದ್ದು ಅವರ ಪುಣ್ಯ. ಅವತ್ತು ಆ ಲಾರಿಯವರದ್ದೇನೂ ತಪ್ಪು ಅಂತ ನಾನು ಹೇಳ್ತಿಲ್ಲ, ಹಳೇ ಸೇತುವೆಗಳ ಸ್ಥಿತಿ ಹೇಳ್ತಿದೀನಿ.

ಗಂಗಾವತಿ_ಹುಡುಗ

ಅಣ್ಣಾರ ಇಷ್ಟ್ ವಿವರ ಯಾರೂ ಹೇಳಿರ್ಲಿಲ್ಲ ನೋಡ್ರಿ. ಲೈಸೆನ್ಸ್ ಸಸ್ಪೆಂಡ್ ವಿಷ್ಯ ಕೇಳಿ ಕೈಕಾಲು ತಣ್ಣಗಾದ್ವು. ಇನ್ನೊಂದು ಡೌಟ್, 'ಭಾರಿ ವಾಹನ ನಿಷೇಧ' ಅಂತ ಬೋರ್ಡ್ ಇರ್ತೈತಲ್ಲ, ವಾಪಸ್ ಬರೋವಾಗ ಖಾಲಿ ಗಾಡಿ ಇದ್ರ ಹೋಗಬಹುದಾ? ಖಾಲಿ ಇದ್ರ ಒಂಬತ್ತೂವರೆ ಟನ್ ಅಷ್ಟ ಅಲ್ಲೇನ್ರಿ.

ಮತ್ತ ರೋಡ್ ಬಗ್ಗೆ ಯಾರರ ಹೇಳ್ರಿ.

ರಸ್ತೆ_ಕಾಮಗಾರಿ

ಇಲ್ಲ, ಹೋಗೋ ಹಾಗಿಲ್ಲ. ಕಾಯ್ದೆಯಲ್ಲಿ ಹೆವಿ ಗೂಡ್ಸ್ ಅಂದ್ರೆ ಜಿವಿಡಬ್ಲ್ಯೂ 12000 ಕೆಜಿ ದಾಟಿದ ಗಾಡಿ, ಅವತ್ತು ಮೇಲೆ ಎಷ್ಟು ಲೋಡ್ ಇದೆ ಅನ್ನೋದಲ್ಲ. ನಿಮ್ಮದು ಖಾಲಿ ಇದ್ರೂ ಹೆವಿಯೇ, ಆರು ಚಕ್ರದ 18.5 ಟನ್ ಗಾಡಿಯೂ ಹೆವಿಯೇ. ಟನ್ ಬರೆದಿರೋ ಬೋರ್ಡ್ ಬೇರೆ, 'ಭಾರಿ ವಾಹನ' ಬೋರ್ಡ್ ಬೇರೆ, ಎರಡನ್ನೂ ಕಲೆಸಬೇಡಿ.

ಚಾಮರಾಜನಗರ_ಗಡಿ

ಬಂಡೀಪುರದ ವಿಚಾರ ನಾ ಯೋಳ್ತೀನಿ, ನಮ್ಮೂರ ರೋಡು.

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ಕಡೆ ಹೋಗೋ ಎನ್‌ಎಚ್ 766, ಊಟಿ ಕಡೆ ಹೋಗೋ ಎನ್‌ಎಚ್ 181, ಎರಡೂ ರಾತ್ರಿ 9ರಿಂದ ಬೆಳಗ್ಗೆ 6ರ ಗಂಟ ಬಂದ್. 2009ರಿಂದ ಹಿಂಗೇ ಅದೆ, ಹೈಕೋರ್ಟೂ 2010ರಲ್ಲಿ ಸರಿ ಅಂತು. ಆಂಬುಲೆನ್ಸು, ಲೆಕ್ಕಕ್ಕೆ ಒಂದಷ್ಟು ಬಸ್ಸು ಬುಟ್ರೆ ಯಾರನ್ನೂ ಬುಡಲ್ಲ. 8.55ಕ್ಕೆ ಗೇಟ್ ತಾವ ಬಂದು ಬುಡಿ ಸಾರ್ ಅಂದ್ರೂ ಉಪಯೋಗಿಲ್ಲ, ಕಾಡೊಳಗೆ ಸಿಕ್ಕಾಕಂಡ್ರೆ ತೊಂದ್ರೆ. ಲೋಡ್ ಗಾಡಿ ನಿಧಾನ, ಅದ್ಕೇ ಏಳೂವರೆ ಎಂಟರ ಒಳಗೆ ಗುಂಡ್ಲುಪೇಟೆ ದಾಟಕ್ಕಾಗದಿದ್ರೆ ಅಲ್ಲೇ ಗಾಡಿ ಹಾಕಿ ಊಟ ಮಾಡಿ ಮಲಿಕ್ಕೊ. ಎಲ್ಲಾ ಲಾರಿಯೋರು ಅದೇ ಮಾಡೋದು, ಬೆಳಗ್ಗೆ ಆರಕ್ಕೆ ಸಾಲಾಗಿ ಬುಡ್ತಾರೆ. ಕಾಡಲ್ಲಿ ಎಲ್ಲೂ ನಿಲ್ಲಿಸ್ಬ್ಯಾಡ, ಆನೆ ಅಡ್ಡ ಬಂದ್ರೆ ಹಾರನ್ ಹೊಡೀಬ್ಯಾಡ, ಲೈಟ್ ಡಿಮ್ ಮಾಡಿ ಕಾಯಿ.

ಮೈಸೂರಿಂದ ನಾಗರಹೊಳೆ ಮೇಲೆ ಮಾನಂದವಾಡಿಗೆ ಹೋಗೋ ರೋಡು ಇನ್ನೂ ಬೇಗ, ಸಂಜೆ 6ಕ್ಕೇ ಬಂದ್, ಬೆಳಗ್ಗೆ 6ಕ್ಕೆ ತೆಗೀತಾರೆ. ರಾತ್ರಿ ಹೋಗ್ಲೇಬೇಕು ಅಂದ್ರೆ ಹುಣಸೂರು, ಗೋಣಿಕೊಪ್ಪ, ಕುಟ್ಟ ಮೇಲೆ ಮಾನಂದವಾಡಿಗೆ ಸುತ್ತು ದಾರಿ ಅದೆ. ಆದ್ರೆ ಮಳೆಗಾಲದಲ್ಲಿ ಕೊಡಗಲ್ಲೂ ದೊಡ್ಡ ಗಾಡಿ ನಿಲ್ಲಿಸ್ತಾರೆ, ಕೇಳ್ಕಂಡು ಹೋಗು.

ವಯನಾಡ್ ಮೇಲೆ ಕೋಳಿಕೋಡಿಗೆ ಇಳಿಯಕ್ಕೆ ತಾಮರಶ್ಶೇರಿ ಘಾಟಿ, ಒಂಬತ್ತು ಹೇರ್‌ಪಿನ್ನು. ಅಲ್ಲೊಂದು ಗಾಡಿ ಕೆಟ್ಟು ನಿಂತ್ರೆ ಎರಡೂ ಕಡೆ ಗಂಟೆಗಟ್ಲೆ ಜಾಮು, ಹಬ್ಬ ರಜಾ ದಿನ ಬಂದ್ರೆ ದೊಡ್ಡ ಗಾಡಿಗೆ ಟೈಮ್ ಹಾಕ್ತಾರೆ. 31 ಟನ್ ಹಾಕ್ಕಂಡು ಅದನ್ನ ಇಳೀಬೇಕು ಅಂದ್ರೆ ನಿಮ್ಮ ಓನರ್‌ನೂ ಪಕ್ಕದ ಸೀಟಲ್ಲಿ ಕೂರಿಸ್ಕಂಡು ಇಳಿ.

ಕೊಯಮತ್ತೂರು ಕಡೆ ಲೋಡ್ ಬಂದ್ರೆ ಚಾಮರಾಜನಗರದಿಂದ ದಿಂಬಂ ಶಾರ್ಟ್‌ಕಟ್ ಅಂತ ಯಾರೋ ಯೋಳ್ತಾರೆ. 27 ಹೇರ್‌ಪಿನ್ ಅದೆ, ಸತ್ಯಮಂಗಲ ಹುಲಿ ಕಾಡು, ಮದ್ರಾಸ್ ಹೈಕೋರ್ಟ್ ಆರ್ಡರ್ ಮೇಲೆ 2022ರಿಂದ ಸರಕು ಗಾಡಿ ಸಂಜೆ 6ರಿಂದ ಬೆಳಗ್ಗೆ 6ರ ಗಂಟ ಬುಡಲ್ಲ, ಹಗಲೂ ದೊಡ್ಡ ಗಾಡಿಗೆ ಅಡ್ಡಿ ಅದೆ. ನಿನ್ನ ಗಾಡಿಗೆ ಹೊಸೂರು, ಸೇಲಂ, ಕೊಯಮತ್ತೂರು, ವಾಳಯಾರ್ ಮೇಲೆ ಹೋಗೋದೇ ಒಳ್ಳೇದು. ದೂರ ನಿಜ, ತೊಪ್ಪೂರು ಇಳಿಜಾರು ಒಂದು ಉಷಾರಾಗಿ ಗೇರಲ್ಲಿ ಇಳಿದ್ರೆ ಸಾಕು.

ಕುಡ್ಲ_ಡ್ರೈವರ್

ಮಂಗಳೂರು ಸೈಡಿಗೆ ಬರುವುದಾದ್ರೆ ನಮ್ಮದು ಬೇರೆಯೇ ಕಥೆ ಮಾರಾಯ್ರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಘಾಟಿ ಓಪನ್ ಉಂಟು ಅಂತ ಆ ದಿನ ಬೆಳಿಗ್ಗೆ ಕೇಳಿಯೇ ಹೊರಡಬೇಕು.

ಲೋಡ್ ಗಾಡಿಗೆ ಮೈನ್ ರೋಡ್ ಶಿರಾಡಿ, ಎನ್‌ಎಚ್ 75, ಸಕಲೇಶಪುರದಿಂದ ಗುಂಡ್ಯ. 2018ರಲ್ಲಿ ಕಾಂಕ್ರೀಟ್ ಕೆಲಸಕ್ಕೆ ಅಂತ ತಿಂಗಳುಗಟ್ಟಲೆ ಬಂದ್ ಇತ್ತು, ಓಪನ್ ಆದ ಮೇಲೆ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಪುನಃ ಬಂದ್. 2021ರಲ್ಲಿ ದೋಣಿಗಾಲ್ ಹತ್ರ ರೋಡೇ ಜಾರಿತು, ಹೆವಿ ಗಾಡಿ ನಿಲ್ಲಿಸಿದ್ರು. 2024ರಲ್ಲಿ ದೊಡ್ಡತಪ್ಲು ಹತ್ರ ಮಣ್ಣು ಬಿತ್ತು. ಹಾಗೆ ಬಂದ್ ಆದಾಗ ಮ್ಯಾಪ್ ನಿಮ್ಮನ್ನು ಚಾರ್ಮಾಡಿಗೆ ಕಳಿಸ್ತದೆ, ಅಲ್ಲಿ 2019ರ ಕುಸಿತದ ಮೇಲೆ ಹೆವಿ ಗಾಡಿಗೆ ನಿರ್ಬಂಧ ಬಂದದ್ದು, ಕೊಟ್ಟಿಗೆಹಾರದಲ್ಲೇ ವಾಪಸ್ ಕಳಿಸ್ತಾರೆ. ಆಗುಂಬೆಗೆ ಅಂತೂ ಹತ್ತು ಚಕ್ರದ ಗಾಡಿ ತಗೊಂಡು ಬರುವ ಆಲೋಚನೆಯೇ ಬೇಡ, 14 ತಿರುವು, ಒಂದೊಂದರಲ್ಲೂ ಬಸ್ಸೇ ಪೂರ್ತಿ ರೋಡ್ ತಗೊಳ್ತದೆ. ಸಂಪಾಜೆ ಒಂದು ಉಳಿಯಿತು, ಮಡಿಕೇರಿ ಸುಳ್ಯ, ಅದೂ ಮಳೆ ಜೋರಾದ್ರೆ ಆಗುವುದಿಲ್ಲ.

ಈ ಬಂದ್ ಎಲ್ಲ ಜಿಲ್ಲಾಧಿಕಾರಿ ಆರ್ಡರ್. ಕಾಯ್ದೆಯಲ್ಲಿ ಸೆಕ್ಷನ್ 115 ಅಂತ ಉಂಟು, ಒಂದು ತಿಂಗಳ ಒಳಗಿನದ್ದಾದ್ರೆ ಗೆಜೆಟ್‌ನಲ್ಲಿ ಹಾಕುವುದೂ ಬೇಡ, ಊರಲ್ಲಿ ಪ್ರಚಾರ ಮಾಡಿದ್ರೆ ಸಾಕು. ಅದಕ್ಕೇ ನಿಮಗೆ ಒಂದು ಕಡೆ ಲಿಸ್ಟ್ ಸಿಗದ್ದು, ಲಿಸ್ಟ್ ವಾರ ವಾರಕ್ಕೆ ಬದಲಾಗ್ತದೆ. ನಾನು ಮಾಡುವುದು ಏನಂದ್ರೆ ಹಾಸನದ ಹತ್ರ ಚಹಾ ಕುಡಿಯುವಾಗ ಮಂಗಳೂರಿನಿಂದ ಮೇಲೆ ಬಂದ ಲಾರಿಯವರನ್ನು ಕೇಳುವುದು. ಅವರು ಆಗಷ್ಟೇ ಹತ್ತಿ ಬಂದಿರ್ತಾರೆ, ಅವರಿಗಿಂತ ಚೆನ್ನಾಗಿ ಯಾವ ಆ್ಯಪೂ ಹೇಳುವುದಿಲ್ಲ.

ಇ-ವೇ ಬಿಲ್, ಅಂದ್ರೆ ಮಾಲು ಸಾಗಿಸಲಿಕ್ಕೆ ಬೇಕಾದ ಜಿಎಸ್‌ಟಿ ಚೀಟಿ, ಅದನ್ನೂ ನೋಡಿಕೊಳ್ಳಿ. 200 ಕಿಲೋಮೀಟರ್‌ಗೆ ಒಂದು ದಿನ ಅಂತ ಲೆಕ್ಕ. ಘಾಟಿಯಲ್ಲಿ ಸಿಕ್ಕಿಬಿದ್ದು ದಿನ ಮುಗಿದ್ರೆ, ಮುಗಿಯುವ 8 ಗಂಟೆ ಮೊದಲಿನಿಂದ 8 ಗಂಟೆ ನಂತರದ ಒಳಗೆ ಎಕ್ಸ್‌ಟೆಂಡ್ ಮಾಡಿಸಬಹುದು. ಪಾರ್ಟಿಗೆ ಫೋನ್ ಹಾಕಿ ಕೂಡಲೇ ಹೇಳಿ, ಬೆಳಿಗ್ಗೆ ಹೇಳುವ ಅಂತ ಮಲಗಬೇಡಿ.

ಎರಡು_ಗಾಡಿ_ಓನರ್

ಇ-ವೇ ಬಿಲ್‌ದು ಒಳ್ಳೇ ಪಾಯಿಂಟು. ಡ್ರೈವರ್‌ಗಳು ಅದನ್ನ ನೋಡೋದೇ ಇಲ್ಲ.

ಎತ್ತರ ಅಗಲದ ಬಗ್ಗೆ ಯಾರೂ ಹೇಳಲಿಲ್ಲ, ನಾನೇ ಹೇಳ್ತೀನಿ. ಅಕ್ಕಿಗೆ ಪರವಾಗಿಲ್ಲ, ಆದ್ರೆ ಈ ತಮ್ಮನಿಗೆ ರಾಯಚೂರು ಕಡೆಯಿಂದ ಹತ್ತಿ ಲೋಡ್ ಬಂದೇ ಬರುತ್ತೆ. ಹತ್ತಿ, ಹುಲ್ಲು, ಹೊಟ್ಟು ಇವೆಲ್ಲ ತೂಕ ಕಮ್ಮಿ, ಹೊಟ್ಟೆ ದಪ್ಪ. ಬಾಡಿಯಿಂದ ಪಕ್ಕಕ್ಕೆ, ಹಿಂದಕ್ಕೆ, ಮೇಲಕ್ಕೆ ಲಿಮಿಟ್ ಮೀರಿ ಬಂದ್ರೆ ತೂಕ ಅರ್ಧ ಇದ್ರೂ 20 ಸಾವಿರ ಫೈನು, ಅದು 194ರಲ್ಲೇ ಬೇರೆಯಾಗಿ ಇದೆ. ಗಾಡಿ ಅಗಲ 2.6 ಮೀಟರ್ ಮೀರಂಗಿಲ್ಲ, ಎತ್ತರ 3.8 ಇದ್ದಿದ್ದನ್ನ 2020ರಲ್ಲಿ 4 ಮೀಟರ್ ಮಾಡಿದ್ರು. ರೈಲ್ವೆ ಅಂಡರ್‌ಪಾಸ್ ಮುಂದೆ ಕಬ್ಬಿಣದ ಕಮಾನು ನಿಲ್ಲಿಸಿರ್ತಾರಲ್ಲ, ಲೋಡ್ ಮೇಲಿಂದ ನೆಲಕ್ಕೆ ಹಗ್ಗ ಬಿಟ್ಟು ಅಳತೆ ತಗೊಂಡು ಕ್ಯಾಬಿನ್‌ನಲ್ಲಿ ಚಾಕ್‌ಪೀಸಲ್ಲಿ ಬರ್ದಿಟ್ಕೊ. ನಮ್ಮ ಗಾಡಿಗಳಲ್ಲಿ ಹಾಗೇ ಮಾಡಿಸ್ತೀನಿ.

ಮತ್ತೆ 22 ಟನ್ ಹಾಕು ಅಂತ ನಾನು ಸಪೋರ್ಟ್ ಮಾಡ್ತಿಲ್ಲ. ಬಾಡಿಗೆ ರೇಟೇ ಸರಿಯಿಲ್ಲದೆ ಬರೀ ಡ್ರೈವರ್, ಓನರ್‌ನ ಹಿಡಿದ್ರೆ ಏನೂ ಆಗಲ್ಲ, ಲೋಡ್ ಹಾಕ್ಸೋ ಪಾರ್ಟಿಗೂ ಫೈನ್ ಹಾಕ್ಲಿ ಅನ್ನೋದು ನನ್ನ ಮಾತು.

ಹಾಸನ_ಲೈನ್

ಆ ಕೊನೇ ಮಾತಿಗೆ ನಾನೂ ಕೈ ಎತ್ತುತೀನಿ.

ಪೀಣ್ಯ_ಎರಡನೇ_ಹಂತ

ಬೆಂಗಳೂರು ಮೇಲೆ ಹೊಸೂರಿಗೆ ಹೋಗೋದಾದ್ರೆ ಸಿಟಿ ಒಳಗೆ ಹಗಲು ಹೆವಿ ಬಿಡಲ್ಲ, ನೆಲಮಂಗಲ ಕಡೆಯಿಂದ ಬಂದು ಮಾದಾವರದಲ್ಲಿ ನೈಸ್ ರೋಡ್ ಹಿಡಿದ್ರೆ ಎಲೆಕ್ಟ್ರಾನಿಕ್ ಸಿಟಿ ಹತ್ರ ಎದ್ದೇಳ್ತೀಯ, ಟೋಲ್ ಜಾಸ್ತಿ ಆದ್ರೂ ತಲೆನೋವಿಲ್ಲ.

ಪೀಣ್ಯ ಫ್ಲೈಓವರ್ ವಿಷ್ಯ ಹೊರಗಿನ ಡ್ರೈವರ್‌ಗಳಿಗೆ ಗೊತ್ತಿರಲ್ಲ. 2021ರ ಡಿಸೆಂಬರ್‌ನಲ್ಲಿ ಒಳಗಿನ ಕೇಬಲ್ ತುಕ್ಕು ಹಿಡಿದಿದೆ ಅಂತ ಬಂದ್ ಮಾಡಿದ್ರು, 2022 ಫೆಬ್ರವರಿಯಲ್ಲಿ ಬರೀ ಸಣ್ಣ ಗಾಡಿಗೆ ಬಿಟ್ರು, ಲಾರಿ ಬಸ್ಸಿಗೆ ಬಿಟ್ಟಿದ್ದು 2024 ಜುಲೈ ಕೊನೆಗೆ. ಅದೂ ಶುಕ್ರವಾರ ಬೆಳಗ್ಗೆ 6ರಿಂದ ಶನಿವಾರ ಬೆಳಗ್ಗೆ 6ರ ತನಕ ಮೇಂಟೆನೆನ್ಸ್‌ಗೆ ಅಂತ ಹೆವಿ ಗಾಡಿಗಿಲ್ಲ ಅನ್ನೋ ಕಂಡೀಷನ್ ಮೇಲೆ. ಲೋಡ್ ಇಳಿಸೋಕೆ ಯಶವಂತಪುರ ಕಡೆ ಬರೋರು ಶುಕ್ರವಾರ ಆದ್ರೆ ಕೆಳಗಿನ ರೋಡ್ ಲೇನ್ ಮೊದ್ಲೇ ಹಿಡೀರಿ, ಫ್ಲೈಓವರ್ ಬಾಯಲ್ಲಿ ಬಂದು ಲೆಫ್ಟ್ ಎಳೆದ್ರೆ ಹಿಂದಿನ ಬೈಕಿನವರು ಸಾಯ್ತಾರೆ.

ಗಂಗಾವತಿ_ಹುಡುಗ

ಎಲ್ಲಾರಿಗೂ ಬಾಳ ಥ್ಯಾಂಕ್ಸ್ ರೀ. ಓನರ್‌ಗೆ ಕಾಟಾ ಚೀಟಿ ತೋರ್ಸಿ ಹೇಳಿದೆ, ಸಿಟ್ಟಾದ್ರು, ಆಮ್ಯಾಲ 18 ಟನ್ ಹಾಕೋಣು ಅಂದ್ರು. ಅದೂ ಎರಡೂವರಿ ಟನ್ ಜಾಸ್ತೀನ ಅಲ್ರಿ. ಬ್ಯಾಡ ಅಂದ್ರ ಕೆಲ್ಸ ಹೋಗ್ತೈತಿ, ಹೂಂ ಅಂದ್ರ ಲೈಸೆನ್ಸ್ ಹೋಗ್ತೈತಿ. ಏನ್ ಮಾಡ್ಲಿ?

ಹಾಸನ_ಲೈನ್

18 ಹಾಕಿದ್ರೆ 27400, ಇನ್ನೂ 2400 ಜಾಸ್ತಿ, 20 ಸಾವಿರದ ಫೈನ್ ಹಂಗೇ ಇರುತ್ತೆ, ಟನ್ ಲೆಕ್ಕದ್ದು ಮಾತ್ರ ಕಮ್ಮಿ. ಇದನ್ನ ಹಂಗೇ ದುಡ್ಡಿನ ಲೆಕ್ಕದಲ್ಲಿ ಓನರ್‌ಗೆ ಹೇಳು, ಕಾನೂನು ಅಂತ ಹೇಳಿದ್ರೆ ಕೇಳಲ್ಲ. ಎರಡೂವರೆ ಟನ್‌ಗೆ ಬರೋ ಬಾಡಿಗೆ ಎಷ್ಟು, ಒಂದ್ಸಲ ಸಿಕ್ಕಿದ್ರೆ ಹೋಗೋದೆಷ್ಟು, ಅವರೇ ಹೇಳ್ಲಿ. ಆಕ್ಸಿಡೆಂಟ್ ಆದ್ರೆ ಓವರ್‌ಲೋಡ್ ಅಂತ ಇನ್ಶೂರೆನ್ಸ್‌ನವರು ತಕರಾರು ತೆಗೀತಾರೆ ಅನ್ನೋದನ್ನೂ ಸೇರ್ಸಿ ಹೇಳು, ಅದಕ್ಕೆ ಎಲ್ಲಾ ಓನರ್‌ಗೂ ಭಯ ಇದೆ.

ಕೇಳ್ದೇ ಇದ್ರೆ ಒಂದು ಮಾಡು. ಪ್ರತಿ ಲೋಡ್‌ಗೂ ಹೊರಡೋಕ್ ಮುಂಚೆ ಕಾಟಾ ಚೀಟಿ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡು, ಕೆಳಗೆ 'ಆರ್‌ಸಿ 25000, ಲೋಡ್ ಇಷ್ಟಿದೆ, ಇಳಿಸ್ಲಾ?' ಅಂತ ಬರಿ. ಫೋನಲ್ಲಿ ಹೇಳ್ಬೇಡ, ಬರಿ. ಹೋಗು ಅಂತ ಅವರು ಬರೆದ್ರೆ ಅದು ಉಳ್ಕೊಳ್ಳುತ್ತೆ, ನಿನ್ನ ಲೈಸೆನ್ಸ್ ಉಳ್ಸುತ್ತೆ ಅಂತಲ್ಲ, ಫೈನ್ ನಿನ್ನ ಸಂಬಳದಲ್ಲಿ ಹಿಡಿಯೋಕೆ ಬಂದಾಗ ಮಾತಾಡೋಕೆ ಆಗುತ್ತೆ. ಬರೆದು ಕೊಡೋಕೆ ಹೆದರಿ ಇಳಿಸು ಅಂದೋರನ್ನೂ ನೋಡಿದೀನಿ.

ಜೊತೆಗೆ ಬೇರೆ ಗಾಡಿ ಹುಡುಕ್ತಾ ಇರು. ಅಂಡರ್‌ಲೋಡ್ ಓಡಿಸೋ ಪಾರ್ಟಿಗಳಿದಾರೆ, ಕೊರಿಯರ್ ಪಾರ್ಸೆಲ್ ಗಾಡಿ, ಹಾಲು, ಕಂಪನಿ ಕಾಂಟ್ರ್ಯಾಕ್ಟ್ ಗಾಡಿ, ಅಲ್ಲಿ ಗೇಟಲ್ಲೇ ತೂಕ ಮಾಡಿ ಜಾಸ್ತಿ ಇದ್ರೆ ಹೊರಗೇ ಬಿಡಲ್ಲ. ಬಾಟಾ (ಟ್ರಿಪ್ ಭತ್ಯೆ) ಸ್ವಲ್ಪ ಕಮ್ಮಿ ಸಿಗಬಹುದು.

ಎರಡು_ಗಾಡಿ_ಓನರ್

ತಮ್ಮ, ದಾವಣಗೆರೆ ಬರೋಕೆ ಆಗುತ್ತೆ ಅಂದ್ರೆ ಮೆಸೇಜ್ ಮಾಡು. ನಂದು ಎರಡೂ 28ರ ಗಾಡಿ, ಮೆಕ್ಕೆಜೋಳ ನಾಮಕ್ಕಲ್ ಲೈನು, ತೊಪ್ಪೂರು ಇಳಿಜಾರು ಬಿಟ್ರೆ ಘಾಟಿ ಇಲ್ಲ. ಬಾಟಾ ಜಾಸ್ತಿ ಕೊಡೋಕಾಗಲ್ಲ, ಮೊದ್ಲೇ ಹೇಳ್ತಿದೀನಿ.